ನೆರಳಿನ ಚೀಟಿ

ಮಡಗಾಂವಿನ ಆಸ್ಪತ್ರೆಯ ಹನ್ನೊಂದನೇ ಕೋಣೆಯಲ್ಲಿ
ಗುರುವಾರಕ್ಕೊಮ್ಮೆ ಕೀಲುನೋವಿನ ಓಪಿಡಿ.
ಬಾಗಿಲು ಮುಚ್ಚುವುದಿಲ್ಲ. ಅದರ ಕೀಲಿಗೂ ಎಣ್ಣೆ ಬೇಕೆಂದು
ಮೂರು ಸಲ ಬರೆದುಕೊಟ್ಟಿದ್ದೇನೆ.

ಹುಲಿಗೆವ್ವ ಬಂದದ್ದು ಮೇ ತಿಂಗಳಲ್ಲಿ,
ಬೈಪಾಸಿನ ಡಾಂಬರು ಅಂಗಾಲಿಗೆ ಮೆತ್ತಿಕೊಂಡು.
ಈ ಕೆನ್ನೆಯಿಂದ ಮೂಗು ದಾಟಿ ಆ ಕೆನ್ನೆಗೆ
ಹರಡಿದ ಕೆಂಪು.
ಪಿಸೊಳೆಂ, ಅಂದರು ಡಾಕ್ಟರ್ ಕುಂಕಳಿಯೆಂಕರ್ ಕೊಂಕಣಿಯಲ್ಲಿ.
ಪಾತರಗಿತ್ತಿ, ಅಂದೆ ನಾನು, ನಮ್ಮ ಹಳಿಯಾಳದ ಮಾತಿನಲ್ಲಿ.
"ನನ್ನ ಮಾರಿ ಮ್ಯಾಲ? ಹುಚ್ಚಿ ಅದೀ ನೀ, ಸಿಷ್ಟರಕ್ಕಾ.
ಅದು ಕುಂದರಾಕ ಹೂವು ಎಲ್ಲೈತಿ ಇಲ್ಲಿ?"

ಮುಂಜಾನೆ ಬೆರಳು ಬಿಗೀತಾವೇನು? ಎಷ್ಟು ಹೊತ್ತು?
ಫಾರ್ಮಿನಲ್ಲಿ ನಿಮಿಷಗಳಿಗೆಂದೇ ಒಂದು ಚೌಕ.
ಅವಳ ತಗಡಿನ ಮನೆಯಲ್ಲಿ ಗಡಿಯಾರವಿಲ್ಲ.
"ಮೊದಲನೇ ಪೊದೇರ ಪೀಂ ಪೀಂ ಅಂತ ಪಾವು ಮಾರಕೋತ ಹೊಕ್ಕಾನ,
ಆವಾಗ ಎಚ್ಚರಾಗತೈತಿ. ಮುಷ್ಟಿ ಕೂಡೂದಿಲ್ಲ.
ಎರಡನೇದವ ಹೋದಮ್ಯಾಲ ಸೀರಿ ನಿರಿಗಿ ಹಿಡೀತೇನಿ."
ಎರಡು ಸೈಕಲ್ಲುಗಳ ನಡುವಿನ ಕತ್ತಲೆಯನ್ನು
ತೊಂಬತ್ತು ನಿಮಿಷ ಎಂದು ಬರೆದೆ.
ಸುಳ್ಳಿರಬಹುದು. ಚೌಕ ತುಂಬಿತು.

ಯಾಕಾತು ಇದು, ಅಂದಳು.
ನಿನ್ನ ಮೈ ನಿನ್ನ ಗುರುತು ಮರೆತಿದೆ,
ಬೇರೆ ಯಾರೋ ಎಂದು ತಿಳಿದು ಬಡಿಯುತ್ತಿದೆ, ಅಂದೆ.
ತುಸು ಹೊತ್ತು ತನ್ನ ಕೈಗಳನ್ನೇ ನೋಡಿದಳು.
"ಹಂಗಾರ ಅದಕ್ಕ ಯಾರರ ಹೇಳ್ರಿ, ನಾನೇ ಅಂತ."

ಹೇಳುವುದು ನನ್ನ ಕೆಲಸ, ಹೇಳಿದೆ.
ಈ ಬಿಳಿ ಗುಳಿಗೆ ಊಟವಾದ ಮೇಲೆ,
ಹಗುರಾಯಿತೆಂದು ಒಮ್ಮೆಲೇ ಬಿಡಬೇಡ.
ಇದಕ್ಕೆ ವರ್ಷಕ್ಕೊಮ್ಮೆ ಕಣ್ಣು ತೋರಿಸು.
ಪಾದ ಬಾತರೆ ಬಾ, ಉಚ್ಚೆಯಲ್ಲಿ ನೊರೆ ಕಂಡರೆ ಅಂದೇ ಬಾ.
ಮತ್ತೆ, ಬಿಸಿಲಿಗೆ ಹೋಗಬೇಡ.

ಹದಿನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದೇನೆ ಈ ಮಾತು,
ಟೀಚರುಗಳಿಗೆ, ಬ್ಯಾಂಕಿನವರಿಗೆ,
ಬಾಣಾವಲಿಯ ಹೋಟೆಲಿನ ಒಡತಿಗೆ. ಅವರು ಟೊಪ್ಪಿಗೆ ಕೊಂಡರು.
"ಬಿಸಲಿಗೆ ಹೋಗಬ್ಯಾಡ ಅಂದ್ರ
ಉಣ್ಣಾಕ ಹೋಗಬ್ಯಾಡ ಅಂದಂಗ ಆತಲ್ಲ ಯಕ್ಕಾ."
ಜಗಳದ ದನಿಯಲ್ಲ. ಲೆಕ್ಕ ಒಪ್ಪಿಸುವ ದನಿ.

ಅವಳ ಚೀಟಿಯ ಬೆನ್ನಿಗೆ ನಾನೇ ಬರೆದೆ,
ಮೇಸ್ತ್ರಿ ಆಗ್ನೆಲನಿಗೆ, ಕೊಂಕಣಿಯಲ್ಲಿ:
ಈಕೆಗೆ ದಿನಕ್ಕೆರಡು ಹೊತ್ತು ನೆರಳು, ಕಡ್ಡಾಯ.
ಅಂಥ ಔಷಧಿ ನಮ್ಮ ಅಂಗಡಿಯಲ್ಲಿಲ್ಲ.
ಮೊಹರು ಒತ್ತುವ ಅಧಿಕಾರವೂ ನನಗಿಲ್ಲ;
ಬೆಡ್‌ಶೀಟು ಎಣಿಸುವ ಮೊಹರಿತ್ತು, ಅದನ್ನೇ ಒತ್ತಿದೆ.

ಅಕ್ಟೋಬರಿನಲ್ಲಿ ಬಂದಳು.
ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ,
ಹೆಗಲ ಮೇಲೆ ಕೋಲ್ವಾದಲ್ಲಿ ಯಾರೋ ಎಸೆದ
ಬಿಯರ್ ಕಂಪನಿಯ ದೊಡ್ಡ ಛತ್ರಿ, ಮೂರು ಕಡ್ಡಿ ಮುರಿದದ್ದು.
ಓಪಿಡಿಯ ಮಂದಿಯೆಲ್ಲ ತಿರುಗಿ ನೋಡಿದರು.
ಚೀಟಿ ಓದಿ ಆಗ್ನೆಲ ನಕ್ಕನಂತೆ,
ಮೊಹರು ನೋಡಿ ಸುಮ್ಮನಾದನಂತೆ.
ಈಗ ರಾತ್ರಿಪಾಳಿ, ಕೇಬಲಿನ ಗುಂಡಿ ತೋಡುವುದು.
"ಚಂದ್ರಾಮಗೂ ಮರಿ ಮಾಡಬೇಕೇನು?"
ಬೇಡ, ಅಂದೆ. ನಗು ತಡೆಯಲಾಗಲಿಲ್ಲ.

ಕೆಂಪು ಇನ್ನೂ ಇದೆ. ಒಂದು ರೆಕ್ಕೆ ಮಾಸಿದೆ.
ಬೆರಳು? "ಈಗ ಮೊದಲನೇ ಪೊದೇರ ಓಣಿ ದಾಟೂದ್ರಾಗ ಸಡಲಾಗತಾವ."
ಹತ್ತು ನಿಮಿಷ ಎಂದು ಬರೆದೆ, ಅಕ್ಷರ ದೊಡ್ಡದಾಯಿತು.
ಪುಟ ತಿರುಗಿಸುತ್ತ, ರೂಢಿಗೆ ಕೇಳಿದೆ: ನೊರೆ?

"ಹೂಂ, ಬರತೈತಿ. ಸಮುದ್ರದ್ದು ಬರತೈತಲ್ಲ, ಹಂಗ.
ನೋಡಾಕ ಚೆಂದ."

ಪೆನ್ನು ಕೆಳಗಿಟ್ಟೆ.
ಡಾಕ್ಟರರನ್ನು ಕರೆಯಲು ಎದ್ದವಳು
ಕಿಟಕಿಯಿಂದ ಅವಳ ಮಂಡಿಗೆ ಬಂದು ನಿಂತಿದ್ದ
ಹನ್ನೊಂದು ಗಂಟೆಯ ಬಿಸಿಲು ನೋಡಿ,
ಮೊದಲು ಅವಳ ಕುರ್ಚಿಯನ್ನು ಒಂದು ಗೇಣು
ಗೋಡೆಯ ಕಡೆಗೆ ಸರಿಸಿದೆ.